ಕೋಟೆಯವರ ಆರೋಗ್ಯ

"ಗುರುಗಳೇ, ಪಕ್ಕದ ಬಡ ಕೇರಿಯವರು ಕದಿಯುತ್ತಾರೆ. ಮಠದಲ್ಲಿರುವ ನಾವು ಯಾರೂ ಕದಿಯುವುದಿಲ್ಲ. ಇದು ನಮ್ಮ ವ್ರತದ ಬಲವಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಾಡಂಚಿನ ದನಗಾಹಿಗಳ ಹಟ್ಟಿಯೊಂದಕ್ಕೆ ಜ್ವರ ಬಂತು. ಮೂಗಿನಿಂದ ರಕ್ತ ಸುರಿದು ಜನ ಸತ್ತರು. ಸೀಮೆಯ ಒಡೆಯ ತನ್ನ ಅಧಿಕಾರಿಗಳನ್ನು ಕಳುಹಿಸಿದ. ಅವರು ರೋಗಿಗಳನ್ನು ವಿಚಾರಿಸಿದರು. ಎಲ್ಲರೂ ಕಾಡುಗೆಣಸು ತಿಂದಿದ್ದರು. ಹೋಲಿಸಿ ನೋಡಲು ಕೋಟೆಯೊಳಗಿನ ಆರೋಗ್ಯವಂತರನ್ನು ವಿಚಾರಿಸಿದರು. ಅವರಲ್ಲಿ ಒಬ್ಬರೂ ಅದನ್ನು ತಿಂದಿರಲಿಲ್ಲ. ಗೆಣಸೇ ವಿಷವೆಂದು ತೀರ್ಮಾನವಾಯಿತು. ಅದನ್ನು ಯಾರೂ ಅಗೆಯಬಾರದೆಂದು ಡಂಗುರ ಸಾರಿದರು. ಬೇಸಿಗೆಯಲ್ಲಿ ಹಟ್ಟಿಗೆ ಬೇರೆ ಆಹಾರವಿರಲಿಲ್ಲ. ಮಗನನ್ನು ಕಳೆದುಕೊಂಡ ಒಬ್ಬ ತಾಯಿ, ಗೆಣಸು ಬೇಯಿಸಿ ಕೊಟ್ಟು ತಾನೇ ಅವನನ್ನು ಕೊಂದೆನೆಂದು ಊಟ ಬಿಟ್ಟಳು.

ಕೋಟೆಯ ವೈದ್ಯೆ ಮಾತ್ರ ಈ ತೀರ್ಮಾನವನ್ನು ಒಪ್ಪಲಿಲ್ಲ. ಒಡೆಯ ಅವಳನ್ನು ಕರೆಸಿದ. "ಆರೋಗ್ಯವಂತರ ಜೊತೆ ಹೋಲಿಸಿದ್ದೇವೆ. ಇನ್ನೇನು ಬೇಕು?"

"ಕೋಟೆಯವರು ಕಾಡಿಗೆ ಕಾಲಿಡುವವರಲ್ಲ. ಜ್ವರ ಅವರನ್ನು ಮುಟ್ಟುವ ದಾರಿಯೇ ಇರಲಿಲ್ಲ. ಅದೇ ಕಾಡಿಗೆ ಹೋಗಿಯೂ ಜ್ವರ ಬಾರದವರನ್ನು ಕೇಳಬೇಕು, ಒಡೆಯ."

"ಅಪ್ಪಣೆ ಆಗಿಹೋಗಿದೆ. ಮೀರಿದರೆ ಕೋಟೆಯೊಳಗೆ ನಿನಗೆ ಜಾಗವಿಲ್ಲ."

"ಹಾಗಾದರೆ ಬಾಗಿಲು ತೆರೆಸಿ" ಎಂದಳು.

ಅವಳು ಹಟ್ಟಿಗೆ ಹೋಗಿ ನೆಲೆಸಿದಳು. ಪ್ರತಿ ರೋಗಿಗೂ ಅವನದೇ ವಯಸ್ಸಿನ, ಅವನಂತೆಯೇ ಕಾಡಿಗೆ ಹೋಗುವ, ಜ್ವರ ಬಾರದ ನೆರೆಯವನನ್ನು ಹುಡುಕಿದಳು. ಅವರೂ ಗೆಣಸು ತಿಂದಿದ್ದರು. ಆದರೆ ರೋಗಿಗಳಲ್ಲಿ ಹೆಚ್ಚಿನವರು ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ಹೊತ್ತು ತಂದಿದ್ದರು. ಜ್ವರ ಬಾರದವರಲ್ಲಿ ಹಾಗೆ ಮಾಡಿದವರು ವಿರಳ. ವೈದ್ಯೆ ಬಿಳಿ ಬಟ್ಟೆಯ ಮೇಲೆ ತರಗೆಲೆ ಕೊಡವಿದಳು. ದನ, ಮನುಷ್ಯರೆನ್ನದೆ ಕಚ್ಚಿ ರಕ್ತ ಹೀರುವ ಉಣುಗುಗಳು, ಎಳ್ಳಿಗಿಂತ ಸಣ್ಣವು, ಬಟ್ಟೆಯ ತುಂಬ ಹರಿದಾಡಿದವು.

ಹಟ್ಟಿಯವರು ತರಗೆಲೆ ತರುವುದನ್ನು ಬಿಟ್ಟರು. ವೈದ್ಯೆ ಆ ತಾಯಿಯ ಕೈ ಹಿಡಿದು ಕಾಡಿಗೆ ಕರೆದೊಯ್ದಳು. ಒಡೆಯನ ಕಾವಲುಗಾರರ ಎದುರಿಗೇ ಇಬ್ಬರೂ ಗೆಣಸು ಅಗೆದರು. ಹಿಂದೆಯೇ ಇಡೀ ಹಟ್ಟಿ ಗುದ್ದಲಿ ಹಿಡಿದು ಬಂತು. ಎತ್ತಿದ ಬೆತ್ತಗಳು ಎತ್ತಿದಂತೆಯೇ ಉಳಿದವು. ಬೇಯಿಸಿದ ಗೆಣಸನ್ನು ಎಲ್ಲರಿಗಿಂತ ಮೊದಲು ಆ ತಾಯಿಯೇ ತಿಂದಳು. ಮರುವರ್ಷ ಜ್ವರ ಬಂದದ್ದು ಒಬ್ಬಿಬ್ಬರಿಗೆ. ಒಡೆಯ ವೈದ್ಯೆಯನ್ನು ಮತ್ತೆ ಕರೆಸಲಿಲ್ಲ. ಅವಳು ಕೇಳಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. "ಅದು ಸರಿ, ಆದರೆ ನಮ್ಮ ವ್ರತ..." ಎಂದು ಶಿಷ್ಯ ಬಾಯಿ ತೆರೆದ.

"ಮಠದಲ್ಲಿ ಒಲೆ ಉರಿಯದೆ ನೀನು ಹಸಿದು ಮಲಗಿದ ಒಂದು ದಿನವನ್ನು ಹೇಳು" ಎಂದರು ಗುರುಗಳು.