ಮಾಚವ್ವ ಆರಿಸಿದ ಕೋವಿ

ಬಹಳ ಹಿಂದೆ, ಕೊಡಗಿನ ಒಂದು ಊರಿನಲ್ಲಿ, ಮಾಚವ್ವ ಎಂಬ ಹೆಂಗಸು ಇದ್ದಳಂತೆ. ಎಷ್ಟು ಹಿಂದೆ ಎಂದು ಕೇಳಿದರೆ ಸರಿಯಾಗಿ ಹೇಳುವವರು ಯಾರೂ ಉಳಿದಿಲ್ಲ. ಮನೆಯ ಗೋಡೆಗೆ ಕೋವಿ ಬಂದಿತ್ತು, ಊರಿಗೆ ರಸ್ತೆ ಬಂದಿರಲಿಲ್ಲ, ಅಷ್ಟು ಹಿಂದೆ ಎಂದುಕೊಳ್ಳಿ. ಹಕ್ಕಿ ಹೊಡೆಯಬಾರದು ಎಂಬ ಕಾನೂನು ಇನ್ನೂ ಇಲ್ಲದ ಕಾಲ. ಗದ್ದೆ ಕಾಯುವವರು ಹಕ್ಕಿ ಹೊಡೆಯುತ್ತಿದ್ದರು, ಹೊಡೆದದ್ದನ್ನು ಮನೆಗೆ ತಂದು ಸಾರು ಮಾಡುತ್ತಿದ್ದರು.

ಮಾಚವ್ವ ಮೇಲ್ಮನೆಯವರ ಮಗಳು. ಮೇಲ್ಮನೆ ಎಂದರೆ ಗುಡ್ಡದ ಮೇಲಿದ್ದ ಮನೆ, ಅದಕ್ಕೇ ಆ ಹೆಸರು. ಮದುವೆಯಾಗಿ ಹೋದವಳು, ಗಂಡ ತೀರಿಕೊಂಡ ಮೇಲೆ ತವರಿಗೆ ವಾಪಸು ಬಂದಿದ್ದಳು. ಆಳು ಗಿಡ್ಡ, ಮಾತು ಕಡಿಮೆ. ಮನೆಯ ಯಜಮಾನ ಅವಳ ದೊಡ್ಡಪ್ಪ ಉತ್ತಯ್ಯ. ಅವನು ಕೆಟ್ಟವನಲ್ಲ. ಕಾಡಿನ ಅಂಚಿನಲ್ಲಿದ್ದ ಒಂದು ಗದ್ದೆಯನ್ನು ತೋರಿಸಿ, ಇದನ್ನು ಮಾಡಿಕೊಂಡು ತಿನ್ನು, ಹುತ್ತರಿಗೆ ಪೈರು ಉಳಿಸಿಕೊಂಡರೆ ಗದ್ದೆ ನಿನ್ನದು, ಉಳಿಯದಿದ್ದರೆ ಅದು ಮನೆಯ ಗದ್ದೆಗೆ ಸೇರಲಿ, ನೀನು ಅಡುಗೆಮನೆ ಸೇರು ಎಂದಿದ್ದನಂತೆ. ಹುತ್ತರಿ ಎಂದರೆ ಹೊಸ ಭತ್ತದ ಹಬ್ಬ, ಅಂದೇ ಮೊದಲ ಕದಿರು ಕೊಯ್ಯುವುದು. ಅಡುಗೆಮನೆ ಸೇರುವುದು ಎಂದರೆ ಸಾಯುವವರೆಗೂ ಅತ್ತಿಗೆಯರ ಕೈಕೆಳಗೆ ಸೌಟು ಹಿಡಿಯುವುದು. ಮಾಚವ್ವನಿಗೆ ಅದು ಬೇಡವಾಗಿತ್ತು.

ಆದರೆ ಆ ಗದ್ದೆಯನ್ನು ಅದುವರೆಗೆ ಯಾರೂ ಉಳಿಸಿಕೊಂಡಿರಲಿಲ್ಲ. ಕಾರಣ, ಕಾಡುಪಾರಿವಾಳ. ಭತ್ತಕ್ಕೆ ಹಾಲು ಕಟ್ಟಿತೋ ಇಲ್ಲವೋ, ಮೋಡದ ಹಾಗೆ ಬಂದು ಇಳಿಯುತ್ತಿದ್ದವು. ಎದ್ದು ಹೋದಾಗ ಹುಲ್ಲು ಮಾತ್ರ ನಿಂತಿರುತ್ತಿತ್ತು. ಗಂಡಸರು ಕೋವಿ ಹಿಡಿದು ಕಾಯುತ್ತಿರಲಿಲ್ಲವೇ? ಕಾಯುತ್ತಿದ್ದರು. ಢಂ ಎಂದು ಒಂದು ಈಡು, ಢಂ ಎಂದು ಇನ್ನೊಂದು ಈಡು. ಅವರ ಕೋವಿಗಳಿಗೆ ಇದ್ದದ್ದೇ ಎರಡು ನಳಿಗೆ. ಆಮೇಲೆ ಕೋವಿ ಮಡಚಿ, ಸುಟ್ಟ ತೋಟಾ ಕಿತ್ತು, ಮದ್ದುಗುಂಡು ತುಂಬಿದ ಹೊಸದನ್ನು ಹಾಕಬೇಕು. ಮೊದಲ ವರ್ಷ ಬದುವಿನ ಮೇಲೆ ಕೂತು ಇದನ್ನೆಲ್ಲ ನೋಡಿದ ಮಾಚವ್ವನಿಗೆ ಒಂದು ವಿಷಯ ತಿಳಿಯಿತಂತೆ. ಹಕ್ಕಿಗಳಿಗೆ ಎರಡರವರೆಗೆ ಎಣಿಸಲು ಬರುತ್ತಿತ್ತು. ಮೊದಲ ಈಡಿಗೆ ಹಾರುತ್ತಿದ್ದವು, ಎರಡನೆಯದನ್ನು ಕಾಯುತ್ತ ಮೇಲೇ ಸುತ್ತುತ್ತಿದ್ದವು, ಎರಡನೆಯದು ಆದ ಕೂಡಲೇ ನೆಂಟರ ಹಾಗೆ ಇಳಿದು ಊಟಕ್ಕೆ ಕೂರುತ್ತಿದ್ದವು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು.

ಆ ವರ್ಷ ಪೈರು ಹೋಯಿತು. ಉತ್ತಯ್ಯ ಇನ್ನೊಂದು ವರ್ಷ ನೋಡೋಣ ಎಂದನಂತೆ, ಆದರೆ ಮೂರನೆಯ ವರ್ಷದ ಮಾತು ಬೇಡ ಎಂದೂ ಹೇಳಿದನಂತೆ.

ನಾಟಿ ಮುಗಿಯಿತು, ಕೈಲ್ ಮುಹೂರ್ತ ಬಂತು. ಅದು ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ಮನೆಯ ಕೋವಿಗಳನ್ನೆಲ್ಲ ಎಣ್ಣೆ ಹಚ್ಚಿ, ನಡುಮನೆಯ ತೂಗುದೀಪದ ಕೆಳಗೆ ಸಾಲಾಗಿ ಇಟ್ಟು, ನಳಿಗೆಯ ತುದಿಗೆ ಕೋವಿಹೂ ಸಿಕ್ಕಿಸುತ್ತಾರೆ. ಬೆಂಕಿಯ ಬಣ್ಣದ ಹೂ ಅದು. ಮೇಲ್ಮನೆಯಲ್ಲಿ ಒಂದು ಪದ್ಧತಿ ಇತ್ತು. ಪೂಜೆ ಆದ ಮೇಲೆ ಒಬ್ಬೊಬ್ಬರೇ ಮುಂದೆ ಬಂದು ತಮಗೆ ಬೇಕಾದ ಕೋವಿ ಎತ್ತಿ ನೋಡಬೇಕು, ಒಂದನ್ನು ಆರಿಸಬೇಕು. ಆರಿಸಿದ ಮೇಲೆ ಮುಂದಿನ ಹಬ್ಬದವರೆಗೆ ಬದಲಾಯಿಸುವ ಹಾಗಿಲ್ಲ. ಗಂಡಸರು ಹೊಸ ಬಟ್ಟೆ ತೊಟ್ಟು, ಸೊಂಟಕ್ಕೆ ರೇಷ್ಮೆ ಪಟ್ಟಿ ಕಟ್ಟಿ, ಎದೆಯುಬ್ಬಿಸಿ ನಿಂತು ಕೋವಿ ಎತ್ತುತ್ತಿದ್ದರು. ಉದ್ದ ಇದ್ದಷ್ಟೂ ಒಳ್ಳೆಯದು, ಬೆಳ್ಳಿಯ ಕೆಲಸ ಇದ್ದಷ್ಟೂ ಇನ್ನೂ ಒಳ್ಳೆಯದು.

ಅಂದು ಮಾಚವ್ವ, ತನಗೂ ಒಂದು ಕೋವಿ ಬೇಕು ಎಂದಳು. ಉತ್ತಯ್ಯ, ಗದ್ದೆ ಕೊಟ್ಟ ಮೇಲೆ ಕೋವಿ ಇಲ್ಲ ಎನ್ನಲು ಆಗದು, ಗಂಡಸರದ್ದು ಆಗಲಿ, ಉಳಿದದ್ದರಲ್ಲಿ ನೋಡಿಕೊ ಎಂದನು. ಮಾಚವ್ವ ಒಳಗೆ ಹೋಗಿ ಬಂದಳು. ಬಂದಾಗ ಹಬ್ಬದ ಸೀರೆಯ ಮೇಲೆ ದಪ್ಪ ಕರಿ ಕಂಬಳಿ ಹೊದ್ದಿದ್ದಳು.

ಎಲ್ಲರೂ ನಕ್ಕರು. ದೊಡ್ಡಪ್ಪನ ಮಗ ಚೆಂಗಪ್ಪ ಎಲ್ಲರಿಗಿಂತ ಜೋರಾಗಿ ನಕ್ಕನಂತೆ. ಅವನು ಎತ್ತರದ ಆಳು, ಆಗಷ್ಟೇ ಬೆಳ್ಳಿ ಕಟ್ಟಿದ ಜೋಡಿನಳಿಗೆ ಕೋವಿಯನ್ನು ಆರಿಸಿಕೊಂಡಿದ್ದ.

"ಏನ್ ಮಾಚು, ಜ್ವರವಾ?" ಎಂದನು.

ಆ ಕಂಬಳಿಗೆ ಕಾರಣ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೋವಿ ಆರಿಸುವ ಹಬ್ಬ ಬರುವುದು ಒಂದು ಕಾಲದಲ್ಲಿ, ಹಕ್ಕಿ ಬರುವುದು ಇನ್ನೊಂದು ಕಾಲದಲ್ಲಿ. ಹಕ್ಕಿ ಬರುವ ಹೊತ್ತಿಗೆ ಮಂಜು ಬಿದ್ದಿರುತ್ತದೆ, ಬೆಳಿಗ್ಗೆ ಗದ್ದೆಯಲ್ಲಿ ಕಂಬಳಿ ಇಲ್ಲದೆ ಕೂರಲಾಗದು. ಕಂಬಳಿಯ ಮೇಲೆ ಉದ್ದ ಹಿಡಿಯ ಕೋವಿ ಎತ್ತಿದರೆ ಹಿಡಿ ಕಂಕುಳಿನ ಮಡಿಕೆಗೆ ಸಿಕ್ಕಿಕೊಳ್ಳುತ್ತದೆ. ಹಿಡಿ ಎಂದರೆ ಭುಜಕ್ಕೆ ಒತ್ತಿಕೊಳ್ಳುವ ಮರದ ಭಾಗ. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಹಕ್ಕಿ ಗುಡ್ಡ ದಾಟಿರುತ್ತದೆ. ಪ್ರತಿ ವರ್ಷ ಹೀಗೇ ಆಗುತ್ತಿತ್ತು, ಪ್ರತಿ ವರ್ಷ ಗಂಡಸರು ಮಂಜನ್ನು ಬೈಯುತ್ತಿದ್ದರು. ಕೋವಿಯನ್ನಾಗಲಿ ಹೊಸ ಬಟ್ಟೆಯನ್ನಾಗಲಿ ಯಾರೂ ಬೈದಿರಲಿಲ್ಲ.

ಮಾಚವ್ವ ಮೊದಲ ಕೋವಿ ಎತ್ತಿದಳು, ಕಂಬಳಿಗೆ ಸಿಕ್ಕಿತು, ಕೆಳಗಿಟ್ಟಳು. ಇನ್ನೊಂದು ಎತ್ತಿದಳು, ಅದೂ ಸಿಕ್ಕಿತು, ಕೆಳಗಿಟ್ಟಳು. ಮತ್ತೊಂದು ಕಂಬಳಿಗೆ ಸಿಕ್ಕಿಕೊಳ್ಳಲಿಲ್ಲ, ಆದರೆ ಮೂತಿ ಭಾರವಾಗಿ ನೆಲ ನೋಡಿತು, ಅದನ್ನೂ ಇಟ್ಟಳು. ಅವಸರವೇ ಇಲ್ಲ. ಒಳಗಿನಿಂದ ಕಡುಬು, ಹಂದಿ ಸಾರಿನ ವಾಸನೆ ಬರುತ್ತಿತ್ತು, ಹಸಿದ ಗಂಡಸರು ಗೊಣಗುತ್ತಿದ್ದರು. ಕೊನೆಗೆ ಅವಳು ಸಾಲಿನಾಚೆ, ಮೂಲೆಯಲ್ಲಿ ಹೂವೂ ಇಲ್ಲದೆ ಒರಗಿದ್ದ ಕೋವಿಯ ಹತ್ತಿರ ಹೋದಳು.

ಅದು ದಂಡಿನಲ್ಲಿದ್ದ ಚಿಕ್ಕಪ್ಪ ಎಲ್ಲಿಂದಲೋ ತಂದದ್ದು. ಅವನು ತೀರಿಕೊಂಡ ಮೇಲೆ ಯಾರೂ ಮುಟ್ಟಿರಲಿಲ್ಲ. ಅದಕ್ಕೆ ಗುಂಡು ಹಾರುವ ನಳಿಗೆ ಒಂದೇ. ಅದರ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ಎಡಗೈ ಹಿಡಿಯುವ ಮರದ ತುಂಡನ್ನು ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ ಹಾರುತ್ತದೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ ಕೂರುತ್ತದೆ. ಭುಜದಿಂದ ಕೋವಿ ಇಳಿಸುವುದೇ ಬೇಡ. ಚಿಕ್ಕಪ್ಪನೂ ಗಿಡ್ಡ ಆಳು, ಹಾಗಾಗಿ ಹಿಡಿಯನ್ನು ಕೊಯ್ಯಿಸಿ ಮೋಟು ಮಾಡಿಸಿದ್ದ. ಮಾಚವ್ವ ಎತ್ತಿದಳು. ಕಂಬಳಿಯ ಮೇಲೆ ಜಾರಿ ಅದು ತಾನಾಗಿ ಭುಜಕ್ಕೆ ಬಂದು ಕೂತಿತಂತೆ, ಎತ್ತಿಕೊಂಡ ಮಗು ಹೆಗಲಿಗೆ ಒರಗಿದ ಹಾಗೆ. ಎಳೆದು ತಳ್ಳಿದಳು. ಕರಕ್, ಕರಕ್.

"ಅದು ಕೋವಿ ಅಲ್ಲ ತಂಗೀ, ಕಾಫಿಗೆ ಔಷಧಿ ಹೊಡೆಯೋ ಪಂಪು," ಎಂದ ಚೆಂಗಪ್ಪ. "ಹಕ್ಕಿಗೆ ಹೇನು ಬಿದ್ದಿದ್ರೆ ಹೋಗ್ತದೆ."

ನಡುಮನೆ ಬಿದ್ದು ಬಿದ್ದು ನಕ್ಕಿತು. ಉತ್ತಯ್ಯ ಮಾತ್ರ ನಗಲಿಲ್ಲ. ಅದೇ ಬೇಕಾ ಎಂದು ಕೇಳಿದ, ಇನ್ನೊಮ್ಮೆ ಯೋಚಿಸು, ಬದಲಾಯಿಸುವ ಹಾಗಿಲ್ಲ ಎಂದ.

"ಇದೇ ನನ್ನದು, ದೊಡ್ಡಪ್ಪ," ಎಂದಳು ಮಾಚವ್ವ.

ಭತ್ತಕ್ಕೆ ಹಾಲು ಕಟ್ಟಿತು, ಮಂಜು ಬಿತ್ತು, ಪಾರಿವಾಳಗಳು ಬಂದವು. ಗುಡ್ಡದ ಹಿಂದಿನಿಂದ ಬಂದ ಹಿಂಡು ಎಷ್ಟು ದೊಡ್ಡದಿತ್ತೆಂದರೆ ಹುಟ್ಟುವ ಸೂರ್ಯ ಇನ್ನೊಮ್ಮೆ ಮುಳುಗಿದ ಹಾಗಾಯಿತು ಎಂದು ಹೇಳುತ್ತಾರೆ. ಪಕ್ಕದ ಗದ್ದೆಯಲ್ಲಿ ಚೆಂಗಪ್ಪ ಇದ್ದ. ಮನೆಯ ಗಂಡಸರು ತಮಾಷೆ ನೋಡಲು ಬದುವಿನ ಮೇಲೆ ಬಂದು ಕೂತಿದ್ದರು. ಮಾಚವ್ವ ಕಂಬಳಿ ಹೊದ್ದು ಕದಿರಿನ ನಡುವೆ ಕಲ್ಲಿನ ಹಾಗೆ ಕೂತಿದ್ದಳು. ತಾನು ಆರಿಸಿದ್ದು ತಪ್ಪಾಗಿದ್ದರೆ ಇದೇ ತನ್ನ ಕೊನೆಯ ಪೈರು ಎಂದು ಅವಳಿಗೆ ಗೊತ್ತಿತ್ತು.

ಚೆಂಗಪ್ಪ ಕೋವಿ ಎತ್ತಿದ. ಹಿಡಿ ಕಂಬಳಿಗೆ ಸಿಕ್ಕಿತು. ಬಿಡಿಸಿಕೊಂಡು ಢಂ ಎಂದು ಒಂದು ಹಾರಿಸಿದ, ಹಕ್ಕಿಗಳು ಮೇಲೆದ್ದವು. ಮಾಚವ್ವ ಸುಮ್ಮನಿದ್ದಳು. ಢಂ ಎಂದು ಎರಡನೆಯದು ಹಾರಿತು. ಆಗಲೂ ಸುಮ್ಮನಿದ್ದಳು. ಹೆದರಿದ್ದಾಳೆ ಎಂದು ಬದುವಿನ ಮೇಲೆ ಯಾರೋ ನಕ್ಕರು. ಎರಡೂ ಮುಗಿದವೆಂದು ಹಿಂಡು ನೆಮ್ಮದಿಯಾಗಿ ತಿರುಗಿ, ರೆಕ್ಕೆ ಬಿಚ್ಚಿ, ಅವಳ ಗದ್ದೆಯ ಮೇಲೆ ಇಳಿಯತೊಡಗಿತು.

ಆಗ ಮೂರನೆಯ ಈಡು ಕೇಳಿಸಿತು.

ಆ ಬಯಲಿನ ಹಕ್ಕಿಗಳು ಅಂಥದ್ದನ್ನು ಕೇಳಿರಲೇ ಇಲ್ಲ. ಕರಕ್, ಢಂ. ಕರಕ್, ಢಂ. ನಾಲ್ಕಾಯಿತು, ಐದಾಯಿತು, ಕೋವಿ ಭುಜದಿಂದ ಇಳಿಯಲಿಲ್ಲ. ಐದು ಹಕ್ಕಿ ಬಿದ್ದವು ಎನ್ನುತ್ತಾರೆ ಕೆಲವರು, ಗೋಣಿಚೀಲ ತುಂಬಿತು ಎನ್ನುತ್ತಾರೆ ಇನ್ನು ಕೆಲವರು. ಹಾರಿಹೋದ ಹಕ್ಕಿಗಳು ಕೊಕ್ಕಿನಲ್ಲಿದ್ದ ಕಾಳನ್ನೂ ಉಗುಳಿ ಹೋದವು ಎಂದು ಹೇಳುವವರೂ ಇದ್ದಾರೆ. ಯಾವುದು ನಿಜವೋ. ಹಿಂಡು ಗುಡ್ಡದಾಚೆ ಹೋಯಿತು, ಆ ವರ್ಷ ಮತ್ತೆ ಬರಲಿಲ್ಲ, ಇದನ್ನು ಮಾತ್ರ ಎಲ್ಲರೂ ಒಂದೇ ರೀತಿ ಹೇಳುತ್ತಾರೆ.

ಚೆಂಗಪ್ಪನೇ ಗದ್ದೆ ದಾಟಿ ಬಂದು, ತಲೆ ಕೆರೆದುಕೊಂಡು, ಆ ಪಂಪು ಒಮ್ಮೆ ಕೊಡ್ತೀಯಾ ಎಂದು ಕೇಳಿದನಂತೆ.

"ನಿನ್ನ ಕೈ ಉದ್ದ ಅಣ್ಣ, ಇದು ನಿನಗೆ ಹೊಂದೂದಿಲ್ಲ," ಎಂದಳು ಮಾಚವ್ವ. "ಬರೋ ವರ್ಷ ಕಂಬಳಿ ಹೊದ್ಕೊಂಡು ಬಾ. ನಿನ್ನದು ಯಾವುದು ಅಂತ ಒಟ್ಟಿಗೆ ನೋಡೋಣ."

ಹುತ್ತರಿಯಂದು ಕಾಡಿನಂಚಿನ ಗದ್ದೆಯಲ್ಲಿ ಪೈರು ಎದೆಮಟ್ಟ ನಿಂತಿತ್ತು. ಉತ್ತಯ್ಯ ಎಲ್ಲರ ಎದುರು ಅವಳ ಕೈಗೆ ಕುಡುಗೋಲು ಕೊಟ್ಟು, ಗದ್ದೆ ಮಾಚವ್ವನದು ಎಂದು ಹೇಳಿದ. ಅವಳು ಬದುಕಿರುವವರೆಗೂ ಅಲ್ಲೇ ಭತ್ತ ಬೆಳೆದಳು, ಯಾರ ಸೌಟೂ ಹಿಡಿಯಲಿಲ್ಲ.

ಆ ಊರಿನಲ್ಲಿ ಈಗ ಹಕ್ಕಿ ಹೊಡೆಯುವವರಿಲ್ಲ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಪಂದ್ಯ ಮಾತ್ರ ಉಳಿದಿದೆ. ಆದರೂ ಕೈಲ್ ಮುಹೂರ್ತದ ದಿನ ಕೋವಿಗಳ ಮುಂದೆ ಮೊದಲು ಬರುವುದು ಮನೆಯ ಹೆಣ್ಣುಮಕ್ಕಳು. ಮದುವೆಯಾಗಿ ದೂರ ಹೋದವರೂ ಅದಕ್ಕಾಗಿ ಬರುತ್ತಾರೆ. ಒಬ್ಬೊಬ್ಬಳೂ ಎಷ್ಟು ಹೊತ್ತು ಬೇಕಾದರೂ ಎತ್ತಿ ನೋಡಬಹುದು, ಇಟ್ಟು ಇನ್ನೊಂದು ಎತ್ತಬಹುದು. ಇದೇ ನನ್ನದು ಎಂದು ಅವಳ ಬಾಯಿಂದ ಬರುವವರೆಗೆ, ಕಡುಬು ತಣ್ಣಗಾದರೂ ಸರಿ, ಗಂಡಸರು ಯಾರೂ ಊಟಕ್ಕೆ ಕೂರುವುದಿಲ್ಲ.