ನಾಲ್ಕು ಎಲೆ ಹೆಚ್ಚಿಗೆ

ಪಾಳೆಯಗಾರ ತಿಪ್ಪನಾಯಕ ಹಿರಿಯರ ಸಭೆಯನ್ನು ನಿಲ್ಲಿಸಿ ವರ್ಷವಾಗಿತ್ತು. ಅಪ್ಪಣೆಯೂ ಅವನದೇ, ತೀರ್ಪೂ ಅವನದೇ. ಊಟಕ್ಕೂ ಒಬ್ಬನೇ ಕೂರುತ್ತಿದ್ದ.

“ಸಾರಿಗೆ ರುಚಿಯೇ ಇಲ್ಲ. ನಾಳೆಯೂ ಹೀಗಿದ್ದರೆ ಬೇರೆ ಕೆಲಸ ನೋಡಿಕೋ,” ಎಂದ ಅಡುಗೆಯ ಸಣ್ಣೀರಮ್ಮನಿಗೆ.

ಗಂಡ ಸತ್ತ ಮೇಲೆ ಅವಳೂ ಒಬ್ಬಳೇ ಉಣ್ಣುವವಳು. ರುಚಿ ಎಲ್ಲಿಗೆ ಹೋಯಿತೆಂದು ಅವಳಿಗೆ ಗೊತ್ತಿತ್ತು.

ಮರುದಿನ ಅದೇ ಸಾರು ಮಾಡಿದಳು. ನಾಯಕರ ಮನೆಯಲ್ಲಿ ಊಟವೆಂದು ನಾಲ್ವರು ಹಿರಿಯರನ್ನು ಕರೆತಂದು ಕೂರಿಸಿದಳು. ಎಲೆ ಮುಂದೆ ಕೂತವರನ್ನು ಎಬ್ಬಿಸಲಾರದೆ ನಾಯಕ ತಾನೂ ಊಟಕ್ಕೆ ಕೂತ. ಕೆರೆಯ ನೀರಿನ ಹಂಚಿಕೆಗೆ ಅವನೊಬ್ಬನೇ ಕೊಟ್ಟಿದ್ದ ತೀರ್ಪಿನ ಮಾತು ಬಂತು.

“ನೀವು ಮಾಡಿದ್ದು ತಪ್ಪು,” ಎಂದರು ಒಬ್ಬರು.

ವಾದ ಏರಿತು. ನಾಯಕ ಮೂರು ಸಲ ಸಾರು ಹಾಕಿಸಿಕೊಂಡ.

“ಇವತ್ತು ಸಾರಿಗೆ ಏನು ಹಾಕಿದೆ?”

“ನಾಲ್ಕು ಎಲೆ ಹೆಚ್ಚಿಗೆ ಹಾಕಿದೆ, ಬುದ್ಧಿ.”

ನಾಯಕ ಹಿರಿಯರತ್ತ ನೋಡಿದ. ಅವರ ಮುಂದಿದ್ದ ನಾಲ್ಕು ಎಲೆಗಳನ್ನೂ ನೋಡಿದ.

“ನಾಳೆಯೂ ಹಾಕು,” ಎಂದ. “ನೀರಿನ ವಿಷಯ ಎಲ್ಲರೂ ಕೂತೇ ತೀರ್ಮಾನಿಸೋಣ.”

ಸಣ್ಣೀರಮ್ಮ ಒಳಗೆ ಬಂದು ತನಗೆ ಬಡಿಸಿಕೊಂಡಳು. ಹೊರಗಿನ ಮಾತು ಇನ್ನೂ ಮುಗಿದಿರಲಿಲ್ಲ. ಒಲೆಯ ಮುಂದೆ ಕೂತು, ಅದನ್ನು ಕೇಳುತ್ತಾ ನಿಧಾನವಾಗಿ ಉಂಡಳು.