ಲಿಂಗ ಕಟ್ಟದ ಕೂಸು

ಕರಡಿಹಾಳ ಮಠದ ತಾಯಿ ಸಿದ್ಧಲಿಂಗಮ್ಮನವರಿಗೆ ಅಡುಗೆಮನೆಯ ನೆಲವೇ ಪೀಠ. ಅಂದೂ ದಾಸೋಹದ ಜೋಳ ಹಸನು ಮಾಡುತ್ತ ಕುಳಿತಿದ್ದರು. ದರ್ಜಿ ಅಡಿವೆಪ್ಪ ಬಂದು ಹೊಸ್ತಿಲಾಚೆಯೇ ನಿಂತ. ಹಿಂದೆ ಹೆಂಡತಿ ಕಾಶವ್ವ, ಹಸಿ ಬಾಣಂತಿ, ತಲೆಗೆ ಕಟ್ಟಿದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ.

ದೇವರಿಲ್ಲ ಎಂಬುದು ಅಡಿವೆಪ್ಪನ ಹಟ. ಮಗಳು ಹುಟ್ಟಿದಾಗ ಲಿಂಗ ಕಟ್ಟಲು ಬಂದ ಮಠದ ಅಯ್ಯನವರನ್ನು ಅಂಗಳದಿಂದಲೇ ಹಿಂದಕ್ಕೆ ಕಳಿಸಿದ್ದ. ವಾರ ತುಂಬುವ ಮೊದಲೇ ಕೂಸು ಹೋಯಿತು. ಸಮಾಧಾನ ಹೇಳಲು ಬಂದ ನೆರೆಯ ಹೆಂಗಸರು, "ಲಿಂಗ ಕಟ್ಟದ ಕೂಸು ಶಿವನ ಬಾಗಲಾಗ ನಿಂತು ಅಳತೈತಿ," ಎಂದು ಹೇಳಿ, ಚಹಾ ಕುಡಿದು, ಕಪ್ಪನ್ನೂ ತೊಳೆಯದೆ ಎದ್ದುಹೋಗಿದ್ದರು. ಅಂದಿನಿಂದ ಕಾಶವ್ವ ತುತ್ತು ಮುಟ್ಟಿರಲಿಲ್ಲ, ಅತ್ತಿರಲೂ ಇಲ್ಲ.

"ಅವ್ವಾರ, ಇದು ಮಠದವರು ಹಚ್ಚಿದ ಬೆಂಕಿ, ನೀವ ಆರಸ್ರಿ. ಬಾಗಲಾನೂ ಇಲ್ಲ, ಶಿವಾನೂ ಇಲ್ಲ ಅಂತ ಈಕಿಗೆ ಹೇಳ್ರಿ!"

"ನೀನ ಹೇಳಬಾರದೇನಪಾ?"

"ಗಂಟಲ ಹರಿಯೂ ಹಂಗ ಹೇಳೇನಿ. ನಂಬವಲ್ಲಳು!"

"ಹಂಗಾರ ಇಲ್ಲ ಅನ್ನೂದಕ್ಕೂ ನಂಬಿಕೀನ ಬೇಕಾತಲ್ಲೋ ತಮ್ಮಾ," ಎಂದರು ತಾಯಿಯವರು. "ಅಲ್ಲಿತನಕ ಹೋಗಿ ನೋಡಿ ಬಂದೀಯೇನು?"

"ಇಲ್ಲ. ನೀವು ನೋಡೀರೇನು?"

ಒಳಗೆ ದಾಸೋಹಕ್ಕೆ ರೊಟ್ಟಿ ಬಡಿಯುತ್ತಿದ್ದ ಹೆಂಗಸರ ಕೈಗಳು ನಿಂತವು.

"ನಾನೂ ನೋಡಿಲ್ಲಪಾ. ಶಿವ ಅದಾನ ಅಂತ ನಂಬಿ ನಾ ಹೊಂಟೇನಿ, ಇಲ್ಲ ಅಂತ ನಂಬಿ ನೀ ಹೊಂಟಿ."

ತಾಯಿಯವರು ಮೊರ ಬದಿಗಿಟ್ಟು, ತಾವೇ ಹೊಸ್ತಿಲು ದಾಟಿ ಬಂದು ಕಾಶವ್ವನನ್ನು ಕೂರಿಸಿ ಎದುರು ಕುಳಿತರು. ಅವಳ ಕೊರಳಲ್ಲಿದ್ದ ಲಿಂಗದ ಕರಡಿಗೆಯತ್ತ ಕೈ ತೋರಿದರು.

"ಒಂಬತ್ತು ತಿಂಗಳ ಇದರ ನೆಳ್ಳಾಗ ಬೆಳದ ಕೂಸಿಗೆ ಮತ್ತ್ಯಾವ ಲಿಂಗ ಬೇಕಿತ್ತವ್ವಾ?"

ಕಾಶವ್ವ ಬಾಯಿಬಿಟ್ಟು ಅತ್ತಳು.

ತಾಯಿಯವರು ಅಡಿವೆಪ್ಪನ ಕಡೆ ತಿರುಗಿದರು. "ಇದನ್ನ ನೀ ನಂಬಬ್ಯಾಡ. ಈಕೀ ಜೋಡಿ ಕೂತು ಒಂದೀಟು ಅಳು."

ಇಷ್ಟು ದಿನ ಅಡಿವೆಪ್ಪ ಹೆಂಡತಿಯೊಡನೆ ದೇವರ ಮೇಲೆ ಜಗಳವಾಡಿದ್ದ. ಸತ್ತ ಮಗಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮಣ್ಣಿನಲ್ಲೇ ಕುಸಿದು ಕುಳಿತ.

"ಕೂಸಿಗೆ ಏನಂತ ಹೆಸರಿಡಬೇಕಂತ ಮಾಡಿದ್ದಿ?" ಎಂದು ಹೆಂಡತಿಯನ್ನು ಕೇಳಿದ.

"ದಾನವ್ವ."

"ದಾನವ್ವ," ಎಂದ. ಹೆಸರನ್ನು ಇನ್ನೊಮ್ಮೆ ಹೇಳುತ್ತ ಅವನೂ ಅತ್ತ.

ಅಡಿವೆಪ್ಪ ಕೊನೆಯವರೆಗೂ ವಿಭೂತಿ ಧರಿಸಲಿಲ್ಲ; ತಾಯಿಯವರೂ ಧರಿಸೆನ್ನಲಿಲ್ಲ. ಆದರೆ ಅಂದು ದಾಸೋಹದ ಪಂಕ್ತಿಯಲ್ಲಿ ಹೆಂಡತಿಯ ಪಕ್ಕ ಕುಳಿತು, ರೊಟ್ಟಿ ಮುರಿದು, ಮೊದಲ ತುತ್ತನ್ನು ಅವಳ ಬಾಯಿಗಿಟ್ಟವನು ಅವನೇ.